ಹೊಸ್ತಿಲಲ್ಲೇ ತಡೆದರೆ ಹೇಗೆ?

ಕನ್ನಡದ ಗೆಳೆಯರೇ, ಗುಡ್‌ರೀಡ್ಸ್ ಬಲ್ಲಿರಾ? ಓದುಗರೇ ಓದುಗರಿಗೆ ಪುಸ್ತಕ ಸೂಚಿಸುವ ಆ್ಯಪ್. 2007ರಲ್ಲಿ ಹುಟ್ಟಿತು, 2013ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಸಲಹೆ ಬೇಕಾದರೆ ಮೊದಲು 20 ಪುಸ್ತಕಗಳಿಗೆ ನಕ್ಷತ್ರ ಕೊಡಿ ಎನ್ನುತ್ತದೆ. ಕೊಡೋಣ! ಆದರೆ ಕಾರಂತ, ತೇಜಸ್ವಿಯರನ್ನು ಓದಿ ಬೆಳೆದ ಹುಡುಗಿಯ ಮುಂದೆ ಬರೀ ಇಂಗ್ಲಿಷ್ ಪುಸ್ತಕ ಹರಡಿದರೆ ಅವಳು ಯಾವುದಕ್ಕೆ ಕೊಡಬೇಕು? ಅವಳೇನು ಓದುಗಳಲ್ಲವೇ? ಕನ್ನಡ ಪುಸ್ತಕಗಳು ಅಲ್ಲಿ ಇಲ್ಲವೆಂದಲ್ಲ. ಇವೆ, ಕೆಲವು ರೋಮನ್ ಲಿಪಿಯ ವೇಷದಲ್ಲಿ! ಕನ್ನಡದಲ್ಲಿ ಹುಡುಕಿದವರಿಗೆ ಅವು ಸಿಗುವುದು ಹೇಗೆ?

ಸೇರುವಾಗಲೇ ‘ಯಾವ ಭಾಷೆಯಲ್ಲಿ ಓದುತ್ತೀರಿ?’ ಎಂದು ಕೇಳಲಿ. ಆ ಭಾಷೆಯ ಪುಸ್ತಕಗಳನ್ನೇ ಮೊದಲು ತೋರಿಸಲಿ. ಈ ಬೇಡಿಕೆಯನ್ನು ಕಂಪನಿಗೆ ಬರೆದು ಕಳಿಸಿ. ಯಾರೂ ನಕ್ಷತ್ರ ಕೊಡದ ಪುಸ್ತಕವನ್ನು ಯಂತ್ರ ಯಾರಿಗೆ ತಾನೇ ಸೂಚಿಸೀತು? ಓದಿದ ಕನ್ನಡ ಪುಸ್ತಕಕ್ಕೆ ಇವತ್ತೇ ನಕ್ಷತ್ರ ಕೊಡಿ, ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ.