ಸೂಕ್ಷ್ಮ ವೈದ್ಯಕೀಯ ಉಪಕರಣಗಳ ಪ್ಯಾಕಿಂಗ್: ಫೋಮ್ ಆಯ್ಕೆಗೆ ಲೆಕ್ಕವಿರಲಿ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಇಂದು ಮಡಕೆಗಿಂತ ಹೆಚ್ಚಾಗಿ ವೈದ್ಯಕೀಯ ಉಪಕರಣಗಳಿಗೆ ಅನ್ವಯಿಸುತ್ತದೆ. ಒಡೆದ ಮಡಕೆ ಕಣ್ಣಿಗೆ ಕಾಣುತ್ತದೆ. ಅದನ್ನು ಯಾರೂ ಬಳಸುವುದಿಲ್ಲ. ಆದರೆ ಉಪಕರಣದೊಳಗಿನ ಬೆಸುಗೆ ಬಿರುಕು ಬಿಟ್ಟರೆ, ಸಂವೇದಕವೊಂದು ಸ್ಥಾನ ತಪ್ಪಿದರೆ ಹೊರನೋಟಕ್ಕೆ ಏನೂ ತಿಳಿಯದು. ಯಂತ್ರ ಚಾಲೂ ಆಗುತ್ತದೆ, ಅಂಕಿಗಳನ್ನೂ ತೋರಿಸುತ್ತದೆ. ಆ ಅಂಕಿಗಳು ಮಾತ್ರ ತಪ್ಪಾಗಿರುತ್ತವೆ. ಅದರ ಬೆಲೆ ತೆರುವವನು ತಯಾರಕನೂ ಅಲ್ಲ, ಮಾರಾಟಗಾರನೂ ಅಲ್ಲ, ರೋಗಿ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ತಯಾರಾದ ಉಪಕರಣವು ಧಾರವಾಡ ಜಿಲ್ಲೆಯ ಶಲವಡಿಯಂತಹ ಗ್ರಾಮವನ್ನು ತಲುಪುವ ದಾರಿಯನ್ನು ಗಮನಿಸಬೇಕು. ಹೆದ್ದಾರಿಯಲ್ಲಿ ಲಾರಿಯಲ್ಲಿ ಬಂದ ಪೆಟ್ಟಿಗೆ ಹುಬ್ಬಳ್ಳಿಯ ಗೋದಾಮಿನಲ್ಲಿ ಇಳಿಯುತ್ತದೆ. ಮತ್ತೆ ಸಣ್ಣ ವಾಹನವೇರಿ ನವಲಗುಂದ, ಅಣ್ಣಿಗೇರಿ ಭಾಗದ ಎರೆಭೂಮಿಯ ರಸ್ತೆಗಳಲ್ಲಿ ಸಾಗುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲಿನ ರಸ್ತೆ ಸಮತಟ್ಟಾಗಿ ಉಳಿಯುವುದು ಕಷ್ಟ. ಏರಿಸಿ ಇಳಿಸುವ ಪ್ರತಿ ಹಂತದಲ್ಲೂ ಪೆಟ್ಟಿಗೆ ಬೀಳುವ ಸಂಭವವಿದೆ. ದಾರಿಯುದ್ದಕ್ಕೂ ಕಂಪನವಂತೂ ಇದ್ದೇ ಇರುತ್ತದೆ. ನಗರದ ದೊಡ್ಡ ಆಸ್ಪತ್ರೆಯಲ್ಲಿ ಒಂದು ಯಂತ್ರ ಕೆಟ್ಟರೆ ಮತ್ತೊಂದಿರುತ್ತದೆ. ಹಳ್ಳಿಯಲ್ಲಿ ಇರುವ ಒಂದೇ ಯಂತ್ರ ಕೆಟ್ಟರೆ ದೂರದ ಊರಿನಿಂದ ತಂತ್ರಜ್ಞ ಬರುವವರೆಗೂ ಕಾಯಬೇಕು.

ಈ ವಿಷಯ ನಮ್ಮ ರಾಜ್ಯದ ಉದ್ಯಮಕ್ಕೆ ಹೊರಗಿನದಲ್ಲ. 2020ರ ಕೋವಿಡ್ ಸಂಕಟದಲ್ಲಿ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ಸಹಯೋಗದೊಂದಿಗೆ 30,000 ವೆಂಟಿಲೇಟರ್‌ಗಳನ್ನು ತಯಾರಿಸುವ ಹೊಣೆಯನ್ನು ಭಾರತ್ ಎಲೆಕ್ಟ್ರಾನಿಕ್ಸ್ ಹೊತ್ತಿತು. ಇಂತಹ ಉದ್ಯಮ ಬೆಳೆದಂತೆ ರಟ್ಟಿನ ಪೆಟ್ಟಿಗೆ, ಫೋಮ್, ಮರದ ಕ್ರೇಟ್ ಪೂರೈಸುವ ಸಣ್ಣ ಘಟಕಗಳಿಗೂ ಅವಕಾಶ ಬೆಳೆಯುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಕೈಗಾರಿಕಾ ಪ್ರದೇಶಗಳ ಉದ್ಯಮಿಗಳಿಗೆ ಇದು ಸಾಧ್ಯವಾದ ಕೆಲಸ. ಆದರೆ ಅದಕ್ಕೆ ಫೋಮನ್ನು ಶೀಟಿನ ದರದಿಂದ ಅಳೆಯುವ ರೂಢಿಯನ್ನು ಮೊದಲು ಬಿಡಬೇಕು.

ಪ್ರತಿ ಫೋಮ್‌ಗೂ ಅದರದೇ ಗುಣ, ಅದರದೇ ದೋಷ ಉಂಟು. ಥರ್ಮಾಕೋಲ್ ಅಗ್ಗ, ಹಗುರ; ಮೊದಲ ಪೆಟ್ಟನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಒಮ್ಮೆ ಕುಗ್ಗಿದ ಜಾಗ ಮತ್ತೆ ಮೊದಲಿನಂತಾಗದು. ಎರಡನೆಯ ಪೆಟ್ಟಿಗೆ ಅದರ ಶಕ್ತಿ ಕುಂದಿರುತ್ತದೆ. ಉದುರುವ ಅದರ ಕಾಳುಗಳು ಯಂತ್ರದ ಫ್ಯಾನು, ಫಿಲ್ಟರುಗಳನ್ನು ಸೇರಬಲ್ಲವು. ಜನಬಳಕೆಯಲ್ಲಿ ಸ್ಪಂಜು ಎನ್ನಿಸಿಕೊಂಡ ಪಾಲಿಯೂರಿಥೇನ್ ಹಗುರ ಉಪಕರಣಗಳಿಗೆ ಒಳ್ಳೆಯ ಮೆತ್ತೆ. ಆದರೆ ತೇವ ಹೀರುತ್ತದೆ, ಬಿಸಿಲು ಮತ್ತು ಆರ್ದ್ರತೆಗೆ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಇಪಿಇ ಎಂದು ಕರೆಯುವ ಹಿಗ್ಗಿಸಿದ ಪಾಲಿಎಥಿಲೀನ್ ನೀರು ಹೀರದು, ಪೆಟ್ಟು ಬಿದ್ದ ಮೇಲೂ ಬಹುಮಟ್ಟಿಗೆ ಮರಳಿ ತನ್ನ ಆಕಾರಕ್ಕೆ ಬರುತ್ತದೆ. ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಸ್ಥಿರ ವಿದ್ಯುತ್ತನ್ನು ತಡೆಯುವ ಫೋಮ್ ಬೇಕು. ಅದಕ್ಕೆ ಗುಲಾಬಿ ಬಣ್ಣವೇ ಪುರಾವೆಯಲ್ಲ. ಪೂರೈಕೆದಾರರಿಂದ ಪರೀಕ್ಷಾ ವರದಿ ಪಡೆಯಬೇಕು.

‘ಫೋಮ್ ಹೆಚ್ಚಾದಷ್ಟೂ ರಕ್ಷಣೆ ಹೆಚ್ಚು’ ಎಂಬ ಭಾವನೆ ವ್ಯಾಪಾರಿಗಳಲ್ಲಿ ಬೇರೂರಿದೆ. ಇದು ತಪ್ಪು. ಫೋಮ್ ಕೆಲಸ ಮಾಡುವುದು ತಾನು ಕುಗ್ಗುವ ಮೂಲಕ. ಭಾರ ತೀರ ಕಡಿಮೆಯಾದರೆ ಅದು ಕುಗ್ಗದೆ ಹಲಗೆಯಂತೆ ವರ್ತಿಸುತ್ತದೆ. ತೀರ ಹೆಚ್ಚಾದರೆ ಪೂರ್ತಿ ಕುಸಿದು ತಳ ಮುಟ್ಟುತ್ತದೆ.

ಒಂದು ಲೆಕ್ಕವನ್ನು ನೋಡಬಹುದು. 12 ಕಿಲೋ ತೂಕದ ಮಾನಿಟರ್ ಒಂದರ ತಳ 30 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದ ಇದೆ ಎಂದುಕೊಳ್ಳೋಣ. ತಳಕ್ಕೆಲ್ಲ ಇಪಿಇ ಹಾಳೆ ಹಾಸಿದರೆ ಪ್ರತಿ ಚದರ ಸೆಂ.ಮೀ.ಗೆ ಬೀಳುವ ಭಾರ ಕೇವಲ 10 ಗ್ರಾಂ. ಸಾಮಾನ್ಯ ಸಾಂದ್ರತೆಯ ಇಪಿಇ ಚೆನ್ನಾಗಿ ಕೆಲಸ ಮಾಡುವುದು ಸುಮಾರು 35ರಿಂದ 70 ಗ್ರಾಂ ಭಾರದಲ್ಲಿ. ಹಾಳೆಯ ಬದಲು ನಾಲ್ಕು ಮೂಲೆಗಳಿಗೆ 60 ಚದರ ಸೆಂ.ಮೀ.ನ ತುಂಡುಗಳನ್ನಿಟ್ಟರೆ ಭಾರ 50 ಗ್ರಾಂಗೆ ಏರುತ್ತದೆ. ಐದನೆಯ ಒಂದು ಪಾಲು ಫೋಮ್‌ನಲ್ಲಿ ಹೆಚ್ಚಿನ ರಕ್ಷಣೆ ದೊರೆಯುತ್ತದೆ. ಇನ್ನು ದಪ್ಪದ ಮಾತು. ಬೀಳಬಹುದಾದ ಎತ್ತರವನ್ನು 3ರಿಂದ ಗುಣಿಸಿ, ಉಪಕರಣ ತಡೆಯಬಲ್ಲ ಆಘಾತದಿಂದ ಭಾಗಿಸಿದರೆ ದಪ್ಪದ ಸ್ಥೂಲ ಅಂದಾಜು ಸಿಗುತ್ತದೆ. ಎತ್ತರ 61 ಸೆಂ.ಮೀ., ಸಹಿಸುವ ಆಘಾತ ಗುರುತ್ವದ 40 ಪಟ್ಟು ಆದರೆ ಸುಮಾರು 5 ಸೆಂ.ಮೀ. ದಪ್ಪ ಬೇಕು. ಉಳಿದ ಐದು ಮುಖಗಳಿಗೂ ಇದೇ ಲೆಕ್ಕ ಪ್ರತ್ಯೇಕವಾಗಿ ಆಗಬೇಕು. ಉಪಕರಣದ ಸಹನಶಕ್ತಿಯನ್ನು ತಯಾರಕರಿಂದಲೇ ಲಿಖಿತವಾಗಿ ಪಡೆಯುವುದು ಉಚಿತ.

ಕಾಗದದ ಲೆಕ್ಕವನ್ನು ನೆಲದ ಮೇಲೆ ಪರೀಕ್ಷಿಸುವುದು ಅಗತ್ಯ. ಇಸ್ಟಾ ಎಂದು ಹೆಸರಾದ ಅಂತರರಾಷ್ಟ್ರೀಯ ಸಾಗಣೆ ಸುರಕ್ಷತಾ ಸಂಸ್ಥೆಯ ಪ್ರಾಥಮಿಕ ಪರೀಕ್ಷೆಯಲ್ಲಿ ಸುಮಾರು 10ರಿಂದ 19 ಕಿಲೋ ತೂಕದ ಪೆಟ್ಟಿಗೆಯನ್ನು 61 ಸೆಂ.ಮೀ. ಎತ್ತರದಿಂದ 10 ಬಾರಿ ಬೀಳಿಸಲಾಗುತ್ತದೆ: ಒಂದು ಮೂಲೆ, ಮೂರು ಅಂಚು, ಆರು ಮುಖ. ಕಂಪನ ಪರೀಕ್ಷೆಗೆ ಯಂತ್ರ ಬೇಕು. ಬೀಳಿಸುವ ಪರೀಕ್ಷೆಯ ಮೊದಲ ಪ್ರಯತ್ನವನ್ನು ಅದೇ ತೂಕದ ನಮೂನೆಯನ್ನಿಟ್ಟು ಯಾವ ಸಣ್ಣ ಘಟಕವೂ ಮಾಡಬಹುದು.

ಇದು ಕೇವಲ ಹಿತವಚನವಲ್ಲ, ಕಾನೂನಿನ ವಿಷಯವೂ ಹೌದು. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಗುಣಮಟ್ಟ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿವೆ. ಐಎಸ್ಒ 13485 ಮಾನದಂಡವು ಸಂಗ್ರಹ ಮತ್ತು ಸಾಗಣೆಯಲ್ಲಿ ಉತ್ಪನ್ನವನ್ನು ಕಾಪಾಡುವ ಹೊಣೆಯನ್ನು ತಯಾರಕನ ಮೇಲೆ ಹೊರಿಸುತ್ತದೆ. 2022ರ ಫೆಬ್ರುವರಿಯಲ್ಲಿ ಪ್ರಕಟವಾದ ವಿಸ್ತೃತ ಉತ್ಪಾದಕ ಹೊಣೆಗಾರಿಕೆಯ ಮಾರ್ಗಸೂಚಿಗಳು ಪ್ಲಾಸ್ಟಿಕ್ ಪ್ಯಾಕಿಂಗ್‌ನ ಮರುಸಂಸ್ಕರಣೆಯ ಬಾಧ್ಯತೆಯನ್ನೂ ತಂದಿವೆ. ಹೀಗಿರುವಾಗ ಬೇಡದ ಫೋಮ್ ತುಂಬುವುದು ಎರಡು ಬಗೆಯ ನಷ್ಟ.

ದೋಷ ತಯಾರಕರದು ಮಾತ್ರವಲ್ಲ. ಟೆಂಡರಿನಲ್ಲಿ ಯಂತ್ರದ ವಿವರ ಪುಟಗಟ್ಟಲೆ ಇದ್ದು, ಪ್ಯಾಕಿಂಗ್‌ನ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ, ಕಡಿಮೆ ದರ ನಮೂದಿಸುವವನು ಮೊದಲು ಕತ್ತರಿಸುವುದು ಪ್ಯಾಕಿಂಗ್‌ನ ಖರ್ಚನ್ನೇ. ಪ್ರಾಮಾಣಿಕವಾಗಿ ಪರೀಕ್ಷೆ ಮಾಡಿಸಿದವನು ದರದಲ್ಲಿ ಸೋಲುತ್ತಾನೆ. ಆದ್ದರಿಂದ ಬೀಳಿಸುವ ಪರೀಕ್ಷೆಯ ವರದಿಯನ್ನು ಖರೀದಿ ಷರತ್ತಿನಲ್ಲಿ ಸೇರಿಸುವಂತೆ ವಾಣಿಜ್ಯೋದ್ಯಮ ಸಂಸ್ಥೆಗಳು ಸರ್ಕಾರವನ್ನು ಒತ್ತಾಯಿಸಬೇಕು. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ನೆರವಿನ ಅವಕಾಶವಿದೆ. ಹುಬ್ಬಳ್ಳಿ-ಧಾರವಾಡ ಪರಿಸರದ ಘಟಕಗಳು ಒಗ್ಗೂಡಿ ಇಂತಹ ಪರೀಕ್ಷಾ ಕೇಂದ್ರಕ್ಕೆ ಪ್ರಯತ್ನಿಸುವುದು ಸೂಕ್ತ.

ಫೋಮ್‌ನ ದರ ಇನ್‌ವಾಯ್ಸಿನಲ್ಲಿ ಸಣ್ಣ ಮೊತ್ತ. ಆದರೆ ಶಲವಡಿಯಲ್ಲಿ ಪೆಟ್ಟಿಗೆ ತೆರೆಯುವ ವೈದ್ಯರಿಗೆ ಅದರೊಳಗಿನ ಯಂತ್ರದ ಮೇಲೆ ವಿಶ್ವಾಸವಿರಬೇಕಾದರೆ, ಆ ಸಣ್ಣ ಮೊತ್ತವನ್ನು ಕಾರ್ಖಾನೆಯಲ್ಲಿಯೇ ಲೆಕ್ಕ ಹಾಕಿ ವ್ಯಯಿಸಿರಬೇಕು.