ಗದುಗಿನ ಶಾಲೆಯ ಫಲಿತಾಂಶ

ಇಂಡಿ ತಾಲೂಕಿನ ಒಕ್ಕಲಿಗ ಭಕ್ತರೊಬ್ಬರು ಕಣ್ಣು ಕಾಣದ ಮಗನನ್ನು ಕೈಹಿಡಿದು ನಮ್ಮಲ್ಲಿಗೆ ಬಂದಿದ್ದರು. ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಸೇರಿಸುವ ಮನಸ್ಸು. ಆದರೂ, “ಅಜ್ಜಾರ, ಅಲ್ಲಿ ನೂರಕ್ಕ ಎಷ್ಟ ಮಂದಿ ಪಾಸಾಗ್ತಾರ್ರಿ?” ಎಂದರು.

ಕೇಳಿದ್ದು ತಪ್ಪಲ್ಲ. ಆದರೆ ಅಲ್ಲಿಗೆ ಸೇರುವವರು ಯಾರೆಂಬುದನ್ನು ಮೊದಲು ನೋಡಬೇಕು. ಅಂಧರು, ಅನಾಥರು, ಬಡವರ ಮಕ್ಕಳು. ಜಾತಿಯನ್ನು ಕೇಳುವುದಿಲ್ಲ; ಅನ್ನ, ಆಶ್ರಯ, ವಿದ್ಯೆ ಮೂರೂ ದಾಸೋಹ. ಸ್ಥಾಪಿಸಿದ ಪಂಚಾಕ್ಷರ ಗವಾಯಿಗಳೇ ಹುಟ್ಟಿನಿಂದ ಅಂಧರು, ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದವರು. 1944ರಲ್ಲಿ ಅವರು ಲಿಂಗೈಕ್ಯರಾದ ತರುವಾಯ, ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೂ ಅದನ್ನು ನಡೆಸಿದರು. ನಾಟಕ ಕಂಪನಿ ಕಟ್ಟಿ ಅದರ ಗಳಿಕೆಯನ್ನೂ ಮಕ್ಕಳ ಅನ್ನಕ್ಕೆ ಹಾಕಿದರು.

ಬಸವರಾಜ ರಾಜಗುರು, ವೆಂಕಟೇಶಕುಮಾರ ಅಲ್ಲಿ ಕಲಿತವರೇ. ಆದರೆ ಅವರ ಹೆಸರು ಹೇಳಿ ಈ ತಂದೆಯನ್ನು ಒಪ್ಪಿಸುವುದು ನಮಗೆ ಸರಿಯೆನಿಸಲಿಲ್ಲ. ನಡುವಣ ವಿದ್ಯಾರ್ಥಿಯ ಗತಿ ಏನು? ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ಶ್ರಾವಣದ ಪುರಾಣ ನಡೆಯುವಾಗ ಹಾರ್ಮೋನಿಯಂ, ತಬಲಾ ನುಡಿಸುವವರನ್ನು ವಿಚಾರಿಸಿರಿ. ಗದುಗಿನಲ್ಲಿ ಕಲಿತವರು ಸಿಕ್ಕೇ ಸಿಗುತ್ತಾರೆ. ಅದೇ ಆ ಶಾಲೆಯ ಫಲಿತಾಂಶ.

ಆದರೆ ಶ್ರಾವಣ ಒಂದೇ ತಿಂಗಳು. ಶಾಲು ಹೊದಿಸಿ, ಕಾಯಿ ಕೊಟ್ಟು ಕಳಿಸುವ ನಮ್ಮ ಊರುಗಳು ಉಳಿದ ಹನ್ನೊಂದು ತಿಂಗಳನ್ನು ಎಣಿಸುವುದಿಲ್ಲ. ಆದ್ದರಿಂದ ಸಂಗೀತದ ಜೊತೆಗೆ ಬ್ರೈಲ್ ಲಿಪಿಯನ್ನೂ ಎಸ್ಸೆಸ್ಸೆಲ್ಸಿಯ ಓದನ್ನೂ ಬಿಡಿಸಬೇಡಿರೆಂದೆವು. ಸಂಗೀತ ಶಿಕ್ಷಕನ ಹುದ್ದೆಗೆ ಕಂಠವೊಂದೇ ಸಾಲದು, ಪ್ರಮಾಣಪತ್ರವೂ ಬೇಕು.

ತಂದೆ ಇನ್ನೂ ಯೋಚಿಸುತ್ತಿದ್ದರು. ಹುಡುಗ ಮಾತ್ರ, ಗದುಗಿನ ಬಸ್ಸು ಎಷ್ಟು ಗಂಟೆಗೆಂದು ಕೇಳಿದ.