ಭಯಕ್ಕೆ ಬೆತ್ತ ಮದ್ದಲ್ಲ

ಕಣ್ಣಿಗೆ ಕಾಣುವ ಗಾಯಕ್ಕೆ ಎಲ್ಲರೂ ಮರುಗುತ್ತಾರೆ. ಕಾಣದ ಗಾಯಕ್ಕೆ ಮರುಗುವವರು ವಿರಳ. ಕಾಲು ಮುರಿದ ಹುಡುಗನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡುವ ನಾವು, ಮನಸ್ಸು ಕುಸಿದ ಹುಡುಗನಿಗೆ ಸೋಮಾರಿಯೆಂದು ಹೆಸರಿಟ್ಟು ಸುಮ್ಮನಾಗುತ್ತೇವೆ.

ಮುಂಜಾನೆಯ ಹೊತ್ತು ಹಲವು ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ. "ಯವ್ವಾ, ಹೊಟ್ಟಿ ಕಡೀತೈತಿ, ಇವತ್ತ ಸಾಲಿಗೆ ಹೋಗೂದಿಲ್ಲ." ತಾಯಿ ಓಂಕಾಳಿನ ನೀರು ಕೊಡುತ್ತಾಳೆ. ತಂದೆ "ನಾಟಕ ಮಾಡ್ತಾನ" ಎಂದು ಗದರುತ್ತಾನೆ. ಬಸ್ಸು ಹೋದ ಮೇಲೆ ನೋವು ಇಳಿಯುತ್ತದೆ. ರವಿವಾರವಂತೂ ನೋವೇ ಇಲ್ಲ. ಹುಡುಗ ಸುಳ್ಳು ಹೇಳುತ್ತಾನೆಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ನಾವು ಎಡವುವುದು ಇಲ್ಲಿಯೇ. ಆ ನೋವು ಸುಳ್ಳಲ್ಲ. ಭಯ ಮಿತಿ ಮೀರಿದಾಗ ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ, ಕೈಕಾಲು ತಣ್ಣಗಾಗುತ್ತವೆ. ಭಯ ಸರಿದಾಗ ನೋವೂ ಸರಿಯುತ್ತದೆ.

ಏಳನೆಯ ತರಗತಿಯವರೆಗೆ ಊರ ಶಾಲೆಯಲ್ಲಿ ನಲಿದ ಮಗು, ಎಂಟನೆಯ ತರಗತಿಗೆ ಪರವೂರಿನ ಪ್ರೌಢಶಾಲೆಗೆ ಹೋಗಬೇಕಾಗುತ್ತದೆ. ಹೊಸ ಮುಖಗಳು, ಕಿಕ್ಕಿರಿದ ಬಸ್ಸು, ಹಂಗಿಸುವ ಜೊತೆಗಾರರು, ತಿಳಿಯದ ಲೆಕ್ಕ, ಮುಂದೆ ಎಸ್.ಎಸ್.ಎಲ್.ಸಿ.ಯ ಚಿಂತೆ. ಹೆಣ್ಣುಮಕ್ಕಳಿಗೆ ಶೌಚಾಲಯದ ಸಂಕಟ ಬೇರೆ. ಕಪ್ಪುಹಲಗೆ ಸರಿಯಾಗಿ ಕಾಣದಿರುವ ಕಣ್ಣಿನ ದೋಷವೂ ಇರಬಹುದು. ಆದ್ದರಿಂದ "ಯಾಕ ಹೋಗಲಿಲ್ಲ?" ಎಂದು ಗದರುವ ಬದಲು, ಹೊಲದ ದಾರಿಯಲ್ಲಿ ಜೊತೆಗೆ ನಡೆಯುತ್ತ "ಎಲ್ಲಿ ಅಂಜಿಕಿ ಆಗ್ತೈತಿ, ನನ್ನ ಮುಂದ ಹೇಳಪಾ" ಎಂದು ಅಜ್ಜ ಕೇಳಬೇಕು. ಹೇಳುವ ತನಕ ಕಾಯಬೇಕು. ಕಾಯುವ ವ್ಯವಧಾನ ಹಿರಿಯರಿಗಲ್ಲದೆ ಇನ್ನಾರಿಗಿದೆ?

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಬೆತ್ತ ಹಿಡಿಯುವವರುಂಟು. ಬಗ್ಗಿಸುವುದೇ ಬೇರೆ, ಮುರಿಯುವುದೇ ಬೇರೆ. ಮೊದಲೇ ಅಂಜಿದವನಿಗೆ ಹೊಡೆದರೆ ಶಾಲೆಯ ಭಯದ ಜೊತೆಗೆ ಮನೆಯ ಭಯವೂ ಸೇರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಶಾಲೆಯಲ್ಲಿ ಸಲ್ಲದ್ದು ಮನೆಯಲ್ಲಿ ಸಲ್ಲುವುದೆಂತು?

ಹಾಗೆಂದು "ಪಾಪ, ಇರಲಿ ಬಿಡು" ಎಂದು ಮನೆಯಲ್ಲೇ ಕೂಡ್ರಿಸುವುದೂ ತಪ್ಪು. ಒಂದು ದಿನ ಶಾಲೆ ತಪ್ಪಿದರೆ ಮನಸ್ಸಿಗೆ ನೆಮ್ಮದಿ ಎನಿಸುತ್ತದೆ. ಆ ನೆಮ್ಮದಿಯೇ ಮರುದಿನದ ಭಯಕ್ಕೆ ಗೊಬ್ಬರ. ವಾರ ತಿಂಗಳಾಗುತ್ತದೆ. ಕೊನೆಗೆ ಹುಡುಗ ದನದ ಹಿಂದೆ, ಹುಡುಗಿಗೆ ಮದುವೆಯ ಮಾತು. 18 ತುಂಬದ ಹೆಣ್ಣುಮಗಳಿಗೆ ಮದುವೆ ಮಾಡುವುದು 2006ರ ಕಾಯ್ದೆಯಂತೆ ಅಪರಾಧ. ಅದಕ್ಕಿಂತ ಮಿಗಿಲಾಗಿ, ಅಂಜಿದ ಮಗುವಿಗೆ ಅದು ಪರಿಹಾರವಲ್ಲ.

ಹಾಗಾದರೆ ದಾರಿ ಯಾವುದು? ಹಿರಿಯರೇ, ನಿಮಗೆ ಬಾವಿಯಲ್ಲಿ ಈಜು ಕಲಿಸಿದ್ದನ್ನು ನೆನಪಿಸಿಕೊಳ್ಳಿರಿ. ಮೊದಲ ದಿನವೇ ನಡುಬಾವಿಗೆ ನೂಕಿದವನು ಗುರುವಲ್ಲ. ದಂಡೆಯಲ್ಲೇ ಕೂಡ್ರಿಸಿದವನೂ ಗುರುವಲ್ಲ. ಬೆನ್ನಿಗೆ ಸೋರೆಬುರುಡೆ ಕಟ್ಟಿ, ತಾನೂ ನೀರಿಗಿಳಿದು, ಒಂದೊಂದೇ ಮೆಟ್ಟಿಲು ಇಳಿಸಿದವನೇ ಗುರು. ಇಲ್ಲಿಯೂ ಹಾಗೆಯೇ. ನಿತ್ಯದ ಹೊತ್ತಿಗೆ ಏಳಿಸಿರಿ. ಮುಖ್ಯೋಪಾಧ್ಯಾಯರಿಗೆ ವಿಷಯ ತಿಳಿಸಿರಿ. ಮೊದಲ ದಿನ ಶಾಲೆಯ ಗೇಟಿನವರೆಗೆ ಜೊತೆಗೆ ಹೋಗಿ ಬನ್ನಿರಿ. ಆಮೇಲೆ ಒಂದು ಪಿರಿಯಡ್, ಆಮೇಲೆ ಮಧ್ಯಾಹ್ನದ ಊಟದವರೆಗೆ, ಆಮೇಲೆ ಪೂರ್ತಿ ದಿನ. ಒಬ್ಬ ಒಳ್ಳೆಯ ಗೆಳೆಯನನ್ನು ಪಕ್ಕದಲ್ಲಿ ಕೂಡ್ರಿಸಲು ಗುರುಗಳನ್ನು ಕೇಳಿಕೊಳ್ಳಿರಿ. ಮನೆಯಲ್ಲುಳಿದ ದಿನ ಮೊಬೈಲು, ಟೀವಿ ಬೇಡ; ಪಾಠದ ಹೊತ್ತಿಗೆ ಪುಸ್ತಕವಿರಲಿ. ಒಂದು ಹೆಜ್ಜೆ ಹಿಂದೆ ಬಂದರೆ ಹಂಗಿಸಬೇಡಿರಿ. ಈಜು ಕಲಿಯುವವನು ನೀರು ಕುಡಿಯುವುದು ಸಹಜ.

ಮೊದಲು ವೈದ್ಯರಿಗೆ ತೋರಿಸಿ, ದೇಹದ ರೋಗವಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿರಿ. ಭಯ ಇಳಿಯದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಲು ನಾಚಿಕೆ ಬೇಡ. ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ತರುವ ಪ್ರಯೋಗವನ್ನು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ನಡೆಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರಿಂದ ಟೆಲಿ ಮಾನಸ್ ಎಂಬ ಉಚಿತ ಸೇವೆಯಿದೆ. 14416ಕ್ಕೆ ಹಗಲಿರುಳೂ ಫೋನು ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಮಗು "ಬದುಕೂದ ಬ್ಯಾಡ" ಎಂದರೆ ಮಾತ್ರ ನಾಳೆ ನೋಡೋಣವೆನ್ನದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಪರೀಕ್ಷೆಯ ಭಯವಿದ್ದವರಿಗೆ ಇನ್ನೊಂದು ಮಾತು ಹೇಳಿರಿ: ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಒಮ್ಮೆ ಎಡವಿದ ಮಾತ್ರಕ್ಕೆ ದಾರಿ ಮುಗಿಯುವುದಿಲ್ಲ.

ಇಂಥ ಮಕ್ಕಳನ್ನು ಮಠಕ್ಕೆ ಕರೆತಂದು ವಿಭೂತಿ ಹಚ್ಚಿಸುವುದುಂಟು. ತಪ್ಪಲ್ಲ, ಅದರಿಂದ ಧೈರ್ಯ ಬರುತ್ತದೆ. ಆದರೆ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿ ವರ್ಷ ಕಳೆಯುವುದು ತಪ್ಪು. ದೇವರ ಮುಂದೆ ಕೈಮುಗಿದ ಮೇಲೆ, ಅದೇ ಕೈಯಿಂದ ಮಗುವಿನ ಕೈ ಹಿಡಿದು ಶಾಲೆಯ ದಾರಿ ನಡೆಯಬೇಕು. ನಾಳೆ ಮುಂಜಾನೆ ನಿಮ್ಮ ಮನೆಯಲ್ಲಿ "ಹೊಟ್ಟಿ ಕಡೀತೈತಿ" ಎಂಬ ದನಿ ಕೇಳಿದರೆ, ಬೆತ್ತ ಬದಿಗಿಟ್ಟು ಚಪ್ಪಲಿ ಮೆಟ್ಟಿಕೊಳ್ಳಿರಿ. "ನಡಿಯಪಾ, ನಾನೂ ಬರ್ತೀನಿ" ಎನ್ನಿರಿ. ಅಂಜಿದ ಜೀವಕ್ಕೆ ಅದಕ್ಕಿಂತ ದೊಡ್ಡ ಅಭಯವಿಲ್ಲ.